ತಮ್ಮನ ಮಜ್ಜೆ, ಅಕ್ಕನ ಗಂಟಲು

ಪ್ರತಿ ಸಲ ಹುರಿದ ಕಡಲೆಬೀಜದಲ್ಲಿ ಮೂರು ಕಾಳನ್ನು ಬಾಯಿಗೆ ಹಾಕಿ, ಅಗಿದು, ಅಕ್ಕ ತಲೆಯಾಡಿಸಿದರೆ ಮಾತ್ರ ಚೀಲಗಳ ಬಾಯಿ ಹೊಲಿಯುತ್ತಿದ್ದರು. ಆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದೇ ಕ್ರಮ. ರುಚಿ ನೋಡುವ ಕೋಣೆಗೆ ಕಿಟಕಿಯಿಲ್ಲ. ಹೊರಗಿನ ಗಾಳಿ ಬೆರೆತರೆ ಘಮ ತಿಳಿಯದೆಂದು ಬಾಗಿಲನ್ನೂ ಮುಚ್ಚಿಡುತ್ತಿದ್ದರು.

ಈಗ ಆ ಕೋಣೆಯಲ್ಲಿ ಅವಳಿಗೆ ಉಸಿರೇ ಕಟ್ಟುತ್ತಿತ್ತು. ರಕ್ತದ ಕಾಯಿಲೆ ಬಂದು, ತಮ್ಮನ ಮೂಳೆಮಜ್ಜೆ ಹಾಕಿಸಿಕೊಂಡು, ಸತ್ತು ಬದುಕಿ ಕೆಲಸಕ್ಕೆ ಮರಳಿ ಎರಡು ವಾರವಾಗಿತ್ತು. ಮೊದಲ ದಿನ ತುಟಿ ತುರಿಸಿತು. ಆಮೇಲೆ ಕುತ್ತಿಗೆ ತುಂಬ ದದ್ದು, ಆಮೇಲೆ ಗಂಟಲು. ಅಗಿದದ್ದನ್ನು ಕದ್ದು ಕರವಸ್ತ್ರಕ್ಕೆ ಉಗಿದು, ಏನೂ ಆಗದವಳಂತೆ ತಲೆಯಾಡಿಸುತ್ತಿದ್ದಳು.

ಏನಾಗುತ್ತಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕಂದಿನಿಂದ ತಮ್ಮನಲ್ಲಿ ಕಂಡದ್ದೇ ಇದು. ಒಂದು ಕಾಳು ಬಾಯಿಗೆ ಬಿದ್ದರೂ ಅವನ ಮುಖ ಊದಿ ಕುಂಬಳಕಾಯಿಯಾಗುತ್ತಿತ್ತು. ಆದರೂ ದಾನಿಯ ಅರ್ಜಿಯಲ್ಲಿ ‘ಅಲರ್ಜಿ ಇದೆಯೇ?’ ಎಂಬ ಸಾಲು ಬಂದಾಗ ಅವಳೇ ಅವನ ಕೈ ಹಿಡಿದಿದ್ದಳು.

“ಇಲ್ಲ ಅಂತ ಬರಿ ಕಣೋ. ಇದೆ ಅಂದ್ರೆ ನೀನು ಬೇಡ ಅಂದ್ಬಿಡ್ತಾರೆ. ನಂಗೆ ಹೊಂದೋರು ಬೇರೆ ಯಾರೂ ಸಿಕ್ಕಿಲ್ಲ.”

ಅವನು ಹಾಗೇ ಬರೆದ.

ಈಗ ಬಾಯಿಬಿಟ್ಟರೆ ತಮ್ಮ ಸುಳ್ಳುಗಾರನಾಗುತ್ತಾನೆ, ಸುಮ್ಮನಿದ್ದರೆ ಅವಳ ಜೀವಕ್ಕೇ ಸಂಚಕಾರ. ಕೆಲಸ ಬಿಡೋಣವೆಂದರೆ ಬರುತ್ತಿದ್ದದ್ದು ಇದೊಂದೇ ವಿದ್ಯೆ. ಬೋನಿನಲ್ಲಿದ್ದವಳೂ ಅವಳೇ, ಚಿಲಕ ಹಾಕಿದವಳೂ ಅವಳೇ.

ಶನಿವಾರ ಸಂಜೆ ತಮ್ಮ ಎಂದಿನಂತೆ ಮೂಗಿಗೆ ಮಾಸ್ಕ್ ಬಿಗಿದುಕೊಂಡು ಅವಳ ಮನೆಗೆ ಬಂದ. ಅವಳ ಊದಿದ ತುಟಿ ನೋಡಿದವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

“ಅಕ್ಕಾ, ಈ ತುಟಿ ನಂದು.”

“ಏನೋ ಹುಳ ಕಚ್ತು.”

“ಮೂವತ್ತು ವರ್ಷ ಕನ್ನಡೀಲಿ ನೋಡಿದೀನಿ. ನನ್ನ ಹತ್ರಾನೇ ಕಥೆ ಕಟ್ತೀಯಾ? ನಡಿ ಆಸ್ಪತ್ರೆಗೆ.”

ಅಲ್ಲಿ ಅವನೇ ಎಲ್ಲವನ್ನೂ ಒಪ್ಪಿಕೊಂಡ. ವೈದ್ಯೆ ಬೈಯಲಿಲ್ಲ.

“ಮಜ್ಜೆ ಜೊತೆ ಅಲರ್ಜಿ ಬರೋದು ಅಪರೂಪ, ಆದ್ರೂ ಬರುತ್ತೆ. ಕೆಲವರಿಗೆ ಹೋಗುತ್ತೆ, ಕೆಲವರಿಗೆ ಹೋಗಲ್ಲ. ಮುಂಚೆ ಹೇಳಿದ್ರೂ ನಿಮ್ಮ ತಮ್ಮನ ಮಜ್ಜೆನೇ ತಗೋತಿದ್ವಿ. ಕಡಲೆಬೀಜದ ಹತ್ರ ಸುಳೀಬೇಡಿ ಅಂತ ನಿಮಗೆ ಹೇಳಿ ಕಳಿಸ್ತಿದ್ವಿ, ಅಷ್ಟೇ. ಇನ್ನು ಆ ಕೋಣೆಗೆ ಕಾಲಿಡಬೇಡಿ.”

ಅಷ್ಟೇ ಅಂತೆ! ಎರಡು ವಾರ ಸುಮ್ಮಸುಮ್ಮನೆ ಸಾವಿನ ಜೊತೆ ಸರಸವಾಡಿದೆನಲ್ಲ ಎಂದು ಅಕ್ಕನಿಗೆ ತನ್ನ ಮೇಲೆಯೇ ಕೆಂಡದಂಥ ಕೋಪ ಬಂತು. ಹೊರಗಿನ ಬೆಂಚಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ತಮ್ಮ ಪಕ್ಕದಲ್ಲಿ ಕೂತ.

“ನಾನಿದೀನಲ್ಲ, ಇದರ ಜೊತೆ ಬದುಕೋದು ಹೇಗಂತ ಎಲ್ಲಾ ಹೇಳ್ಕೊಡ್ತೀನಿ.”

ಅವಳು ಮೂಗೊರೆಸಿಕೊಂಡಳು. “ದಾರೀಲಿ ಎಲ್ಲಾದ್ರೂ ಹುರೀತಿದ್ರೆ ಏನ್ ಮಾಡ್ತೀಯಾ?”

“ಬೀದಿ ಆಚೆ ಬದಿಗೆ ದಾಟ್ಕೋತೀನಿ.”

“ನಮ್ಮನೆ ಬೀದೀಲಿ ಎರಡೂ ಬದಿ ಹುರಿಯೋ ಕಾರ್ಖಾನೆಗಳೇ ಕಣೋ,” ಅಂದಳು ಅಕ್ಕ.