ಅಸ್ಲಂ ಭಾಯಿಯ ಎಡಗೆನ್ನೆಯೊಳಗೆ

ಲವಂಗದ ವಾಸನೆ, ಒಂದಲ್ಲ, ಮೂರು ನಾಲ್ಕು ಲವಂಗ ಜಗಿದು ಬಂದಿದ್ದಾನೆ, ತಂಬಾಕಿನ ವಾಸನೆ ಮುಚ್ಚಲಿಕ್ಕೆ, ಐವತ್ತೆಂಟರ ಮನುಷ್ಯ ತಂಗಿಗೆ ಹೆದರಿ ಲವಂಗ ಜಗಿಯುವುದೆಂದರೆ — ಮೆಹರೀನಳಿಗೆ ನಗು ಬಂತು, ನಗಲು ಮಾತ್ರ ಆಗಲಿಲ್ಲ, ಯಾಕೆಂದರೆ ಅಸ್ಲಂ ಭಾಯಿ ಆಗಲೇ ಬಾಯಿ ತೆರೆದಿದ್ದ, ಎಡಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಾಣುತ್ತಿತ್ತು, ಹೆಸರುಕಾಳಿನಷ್ಟು, ಅಲ್ಲ, ಅಲಸಂದಿಯಷ್ಟು, ಸುಳ್ಳು ಯಾಕೆ ಹೇಳಿಕೊಳ್ಳಬೇಕು, ಕೂಡ್ಲಿಗಿ ಆಸ್ಪತ್ರೆಯ ಈ ಕೋಣೆಯಲ್ಲಿ ಬೆಳಿಗ್ಗೆಯಿಂದ ಹನ್ನೊಂದು ಬಾಯಿ ನೋಡಿದ್ದಾಳೆ, ಇಷ್ಟು ವರ್ಷದಲ್ಲಿ ಸಾವಿರಾರು, ಅವುಗಳ ಚಿತ್ರ ಹಿಡಿದುಕೊಂಡು ಎಷ್ಟು ದೇಶಗಳ ವೇದಿಕೆ ಹತ್ತಿದ್ದಾಳೆ, ಒಡಹುಟ್ಟಿದವನ ಬಾಯಿಯೊಳಗೆ ಮಾತ್ರ ಇಣುಕಿರಲಿಲ್ಲ. ಮೂರು ದಿನದ ಹಿಂದೆ ಅಮೀರ್ ಬೀ ಭಾಬಿಯ ಫೋನು, ಮೆಹರೂ, ನಿಮ್ಮಣ್ಣ ಮಂಡಕ್ಕಿ ಜೋಡಿ ಮೆಣಸಿನಕಾಯಿ ತಿನ್ನೋದು ಬಿಟ್ಟಾನ, ಎಂಟು ತಿಂಗಳಾತು, ಬರೇ ಮಂಡಕ್ಕಿ ನೆನಿಸ್ಕೊಂಡು ತಿಂತಾನ, ಕೇಳಿದ್ರ ವಯಸ್ಸಾತು ಅಂತಾನ. ಕೊಟ್ಟೂರಿನಲ್ಲಿ ಹುಟ್ಟಿದವನು ಮಿರ್ಚಿ ಬಿಟ್ಟನೆಂದರೆ ಫಕೀರನಾಗಿರಬೇಕು, ಇಲ್ಲಾ ಕಾಯಿಲೆಯವನಾಗಿರಬೇಕು, ಫಕೀರನಾಗುವ ಜಾತಕ ಇವನದಲ್ಲ, ವಿಡಿಯೋ ಕಾಲ್ ಮಾಡಿದಾಗಲೆಲ್ಲ ಹಣೆ ಮಾತ್ರ ಕಾಣುವ ಹಾಗೆ ಫೋನು ಹಿಡಿಯುತ್ತಿದ್ದ, ಕೆಳಗ ಹಿಡಿ ಭಾಯಿ, ನಿನ್ನ ಬೋಳುತಲಿ ನೋಡಾಕ ಫೋನ್ ಮಾಡೀನೇನು ಅಂತ ಇವಳು ನಕ್ಕಿದ್ದೇ ನಕ್ಕಿದ್ದು —

ಹಂಗ ಇರು, ಮುಚ್ಚಬ್ಯಾಡ, ಎಂದಳು, ತಾನೇ ರೂಪಿಸಿದ ಪೆನ್ನಿನಂತಹ ಸೂಕ್ಷ್ಮದರ್ಶಕದ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತ, ಕೆನ್ನೆ, ಯಾವಾಗಲೂ ಕೆನ್ನೆಯೇ, ಹರಪನಹಳ್ಳಿ ಕಾಲೇಜಿನಲ್ಲಿಯೂ ಕೆನ್ನೆಯಿಂದಲೇ ಶುರುವಾದದ್ದು, ಹಲ್ಲುಕಡ್ಡಿಯಿಂದ ಒಳಗೆನ್ನೆಯನ್ನು ಕೆರೆದು ಗಾಜಿಗೆ ಬಳಿದು ನೀಲಿ ಬಣ್ಣದ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಚಪ್ಪಟೆ ಚಪ್ಪಟೆ ಜೀವಕೋಶ, ನಡುವೆ ಒಂದು ಕರಿ ಚುಕ್ಕೆ, ಸರ್, ಇವು ಜೀವ ಅದಾವೇನ್ರಿ ಅಂತ ಕೇಳಿದ್ದಕ್ಕೆ ಪಂಚಾಕ್ಷರಪ್ಪ ಮೇಷ್ಟ್ರು, ಬಣ್ಣ ಹಾಕಿದ ಮ್ಯಾಲ ಎಲ್ಲಿ ಜೀವವ್ವ, ಅವು ಸತ್ತಂಗ ಲೆಕ್ಕ, ಹಂಗಾದ್ರ ಕೊಲ್ಲದಂಗ ನೋಡಾಕ ಬರಂಗಿಲ್ಲೇನ್ರಿ, ನನಗಂತೂ ಬರಂಗಿಲ್ಲವ್ವ, ನೀನು ನೋಡು. ಮೇಷ್ಟ್ರು ಮಾತಿಗೆ ಅಂದದ್ದು, ಇವಳು ಕೆಲಸವೆಂದೇ ಹಿಡಿದಳು, ಇಪ್ಪತ್ತೇಳು ವರ್ಷ ಹಿಡಿದಳು. ಕೊಯ್ಯದೆ, ಬಣ್ಣ ಹಾಕದೆ, ಬರೀ ಬೆಳಕು ಬಿಟ್ಟು ಜೀವಂತ ಕೋಶವನ್ನು ಇದ್ದಲ್ಲೇ ನೋಡಬೇಕು, ಪುಣೆಯ ಪ್ರಯೋಗಾಲಯದಲ್ಲಿ ಎರಡು ವರ್ಷ ಅದು ಆಗಲಿಲ್ಲ, ಕೆಳಗೆ ರಸ್ತೆಯಲ್ಲಿ ಬಸ್ಸು ಹೋದರೆ ಸಾಕು ಚಿತ್ರವೆಲ್ಲ ಕಲಸಿಹೋಗುತ್ತಿತ್ತು, ಬೇರೆ ವಿಷಯ ತಗೋ ಎಂದು ಅಲ್ಲಿಯ ಗುರುಗಳೂ ಅಂದಿದ್ದರು, ಆಗ ಬಂದವನು ಈ ಭಾಯಿಯೇ, ಕಾನಹೊಸಹಳ್ಳಿಯ ಹೈವೇ ಬದಿಯಲ್ಲಿ ಲಾರಿಗಳ ಸ್ಪ್ರಿಂಗ್ ಪಟ್ಟಿ ಕಟ್ಟುವವನು, ಹಡಗಲಿ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ರೈಲು ಹತ್ತಿ ಬಂದು, ಪ್ರಯೋಗಾಲಯದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮೇಜಿನ ಕಾಲಿಗೆ ಅಂಗೈ ಹಚ್ಚಿ, ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿ — ಮೆಹರೂ, ನೀನು ಮೇಜು ಬಿಗಿ ಮಾಡೀದಿ, ಬಿಗಿ ಮಾಡಿದಷ್ಟೂ ನೆಲದ ನಡುಕ ಮ್ಯಾಲ ಏರ್ತೈತಿ, ಸಡಿಲ ಬಿಡಬೇಕಲೇ, ಲಾರ್ಯಾಗ ತತ್ತಿ ಹೆಂಗ ಒಯ್ತಾರ? ಮರುದಿನ ಮೂರು ಸ್ಕೂಟರ್ ಟ್ಯೂಬು, ಅರ್ಧ ಗಾಳಿ, ಮೇಲೆ ಒಂದು ಕಡಪ ಕಲ್ಲು, ಅದರ ಮೇಲೆ ಅವಳ ಯಂತ್ರ, ಕೆಳಗೆ ಬಸ್ಸು ಹೋಯಿತು, ಚಿತ್ರ ನಿಂತಿತು, ಇವಳು ಅತ್ತಳು, ಅವನು ಚಹಾ ಕೇಳಿದ. ಆ ಪ್ರಬಂಧದ ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಅವನ ಹೆಸರಿದೆ, ಇಂಗ್ಲಿಷ್ ಓದಲು ಬಾರದಿದ್ದರೂ ಆ ಪುಟಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾನೆ, ಗಿರಾಕಿ ಬಂದರೆ ಸರಿಯಾಗಿ ಆ ಸಾಲಿಗೇ ಗ್ರೀಸಿನ ಬೆರಳು, ಗಾಜಿನ ಮೇಲೆ ಅಲ್ಲೊಂದು ಕಪ್ಪು ಕಲೆಯೇ ಆಗಿದೆ.

ತುದಿ ಕೆನ್ನೆಗೆ ತಾಗಿತು, ಪರದೆಯ ಮೇಲೆ ಬರೀ ಬೂದಿ ಗೆರೆ, ಮತ್ತೆ ಇಟ್ಟಳು, ಮತ್ತೆ ಗೆರೆ, ಯಂತ್ರ ಕೆಟ್ಟಿತೇ, ಇಲ್ಲ, ಕೈ, ಅವಳದೇ ಕೈ, ಇಷ್ಟು ವರ್ಷದಲ್ಲಿ ಒಮ್ಮೆಯೂ ನಡುಗದ ಕೈ, ನಾನು ಹಿಡೀಲೇನ್ರಿ ಮೇಡಂ ಎಂದು ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು ಸುಕನ್ಯಾ ಮೆಲ್ಲಗೆ ಕೇಳಿದರು, ಕೊಟ್ಟುಬಿಡಲೇ, ಕೊಟ್ಟರೆ ತಾನು ನೋಡಬೇಕಿಲ್ಲ, ಭಾಯಿ ಫಕ್ಕನೆ ಬಾಯಿ ಮುಚ್ಚಿ, ಬ್ಯಾಡ್ರಿ ಡಾಕ್ಟ್ರೇ, ಅಕಿನ ನೋಡ್ಲಿ, ಬ್ಯಾರೆಯವರಿಗೆ ನಾ ಬಾಯಿ ತೆರ್ಯಂಗಿಲ್ಲ, ಅಂದವನೇ ತಂಗಿಯ ಮೊಣಕೈ ಹಿಡಿದು ತನ್ನ ಅಂಗೈಯ ಮೇಲೆ ಇಟ್ಟುಕೊಂಡ, ಅಂಗೈಯನ್ನು ತನ್ನ ಎದೆಗೆ ಆನಿಸಿದ, ಬಿಗಿ ಹಿಡೀಬ್ಯಾಡ ಮೆಹರೂ, ಭಾರ ಇಲ್ಲಿ ಬಿಡು, ಎಂದು ಮತ್ತೆ ಬಾಯಿ ತೆರೆದ. ಬಿಟ್ಟಳು. ಸುತ್ತಿಗೆ ಹಿಡಿದು ಹಿಡಿದು ಚರ್ಮ ದಪ್ಪವಾದ ಅಂಗೈ, ಅದರ ಕೆಳಗೆ ಅವನ ಉಸಿರು ಏರುತ್ತ ಇಳಿಯುತ್ತ, ಅದರ ಜೊತೆ ಅವಳ ಕೈಯೂ, ಚಿತ್ರ ನಿಂತಿತು, ಒಳ್ಳೆಯ ಕೋಶಗಳು, ಹಂಚು ಹೊದಿಸಿದ ಹಾಗೆ ಸಾಲು ಸಾಲು, ಪ್ರತಿಯೊಂದರಲ್ಲೂ ಒಂದು ಬೆಳ್ಳನೆಯ ಚುಕ್ಕೆ, ಸರಿಸಿದಳು, ಮಚ್ಚೆಯ ಅಂಚು, ಅಯ್ಯೋ, ಇಲ್ಲಿ ಸಾಲು ತಪ್ಪಿದೆ, ಚುಕ್ಕೆಗಳು ಉಬ್ಬಿ ಒಂದನ್ನೊಂದು ತಳ್ಳುತ್ತಿವೆ, ಇದು ಗೊತ್ತು, ಇದನ್ನು ಎಷ್ಟು ಜನರಲ್ಲಿ ನೋಡಿಲ್ಲ, ಅವರೆಲ್ಲರ ತಂಗಿಯರು ಆಗ ಎಲ್ಲಿದ್ದರು, ತಿರುಪು ತಿರುಗಿಸಿ ಕೆಳಗಿನ ಪದರಕ್ಕೆ ಇಳಿದಳು, ಇನ್ನೂ ಕೆಳಗೆ, ತಳದ ಗೆರೆ, ಕೆಟ್ಟದ್ದು ಅದನ್ನು ಹರಿದು ಇಳಿದರೆ ಕ್ಯಾನ್ಸರು — ಇತ್ತು, ಹರಿದಿರಲಿಲ್ಲ, ಸುತ್ತ ಹುಡುಕಿದಳು, ಎಲ್ಲಿಯೂ ಹರಿದಿರಲಿಲ್ಲ, ಸುಕನ್ಯಾ ಬಗ್ಗಿ ನೋಡಿ, ಕೆಳಗ ಇಳಿದಿಲ್ಲ ಬಿಡ್ರಿ ಮೇಡಂ, ದಾವಣಗೆರೆಯಾಗ ಇಷ್ಟು ತಗಸಿ ಪರೀಕ್ಷೆಗೆ ಕೊಟ್ರಾತು, ನಾಳಿನ ಹೋಗ್ರಿ ಎಂದರು. ಭಾಯಿ, ಅಂದಳು ಮೆಹರೀನ್ ಪರದೆಯಿಂದ ಕಣ್ಣು ತೆಗೆಯದೆ, ಕೆಟ್ಟದ್ದು ಐತಿ, ಖರೆ, ಆದ್ರ ಬೇರು ಬಿಟ್ಟಿಲ್ಲ, ನಾಳಿ ನಾನೂ ಬರ್ತೀನಿ, ತಂಬಾಕು ಇವತ್ತಿಗೇ ಮುಗೀತು. ತೆರೆದ ಬಾಯಿಯಿಂದ ಆಂ ಎಂದ, ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು, ಆದರೂ ಅವನ ನೋಟ ಪರದೆಯ ಮೇಲೆಯೇ, ತೋರಿಸಬೇಕು, ಒಳ್ಳೆಯದನ್ನೂ ತೋರಿಸಬೇಕು, ಮಚ್ಚೆಯಿಂದ ದೂರ ಸರಿಸಿದಳು, ಕೂದಲಿಗಿಂತ ಸಣ್ಣದೊಂದು ರಕ್ತನಾಳ, ಅದರಲ್ಲಿ ರಕ್ತದ ಕಣಗಳು, ಸಾವಿರ ಸಲ ನೋಡಿದ್ದು, ಅಲ್ಲ, ಇದನ್ನು ನೋಡಿಲ್ಲ, ಇವು ಇವನವು, ಎಷ್ಟು ಇಕ್ಕಟ್ಟೆಂದರೆ ಎರಡು ಜೊತೆಯಾಗಿ ಹೋಗಲಾರವು, ಒಂದು ಕಣ ಬಂತು, ಮೈ ಬಾಗಿಸಿತು, ನುಸುಳಿತು, ಮೇಡಂ ಹೊರಗ ಇನ್ನೂ ಜನ ಅದಾರ ಎಂದರು ಸುಕನ್ಯಾ, ಹ್ಞೂಂ ಅಂದಳು, ಯಂತ್ರ ತೆಗೆಯಲಿಲ್ಲ, ಒಂದು ಕಣ ಬಂತು, ಮೈ ಬಾಗಿಸಿತು, ನುಸುಳಿತು, ಅದರ ಹಿಂದೆ ಇನ್ನೊಂದು, ಮೈ ಬಾಗಿಸಿತು —