ಕಡಲ ಹೆಣ್ಣಿನ ಕರಾರು

ಅಮರ್ ಹೇಳುವ ವೇಲ್ಸ್ ಕತೆ ಕೇಳದ ಕನ್ನಡದ ಮನೆ ಈ ಪರದೇಶದ ಜಾರ್ಜ್‌ಟೌನ್‌ನಲ್ಲಿ ಒಂದಿದ್ದರೆ ತೋರಿಸಿ ನೋಡೋಣ. ಮದುವೆಗೆ ಮುಂಚೆ ಒಂದು ವರ್ಷ ವೇಲ್ಸ್ ದೇಶದ ಪುಟ್ಟ ಕಡಲ ಹಳ್ಳಿಯಲ್ಲಿ ಓದಿದ್ದನಂತೆ; ಅಷ್ಟಕ್ಕೇ ಊರೆಲ್ಲ ಅವನಪ್ಪನ ಆಸ್ತಿ. ಮರಳಿನ ಮೇಲೆ ಕತ್ತೆ ಸವಾರಿ, ಬಿಳಿ ದೀಪಸ್ತಂಭ, ಅಲೆ ಅರ್ಧ ತಿಂದುಹಾಕಿದ ಸ್ಮಶಾನ, ಆಮೇಲೆ ನೀರಿನಿಂದ ಎದ್ದು ಬಂದು ರೈತನನ್ನು ಮದುವೆಯಾದ ಕಡಲ ಹೆಣ್ಣು. ಕಾರಣವಿಲ್ಲದೆ ಮೂರು ಏಟು ಬಿದ್ದರೆ ತವರಿಗೆ, ಅಂದರೆ ಕಡಲಿಗೆ, ವಾಪಸು ಹೋಗುತ್ತೇನೆಂಬುದು ಅವಳ ಕರಾರು. ಮೂರನೆಯದು ಬಿತ್ತು, ಹೋದಳು. ಅವಳು ತಂದಿದ್ದ ದನಕರುಗಳೂ ಹಿಂದೆಯೇ ನೀರಿಗಿಳಿದವು.

"ಮಕ್ಕಳು ಮಾತ್ರ ಅಪ್ಪನ ಹತ್ರಾನೇ ಉಳಿದ್ವು" ಎಂದು ಮುಗಿಸುವಾಗ ಅಮರ್ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ಆ ನೋಟ ಯಾಕೆಂದು ನಳಿನಿಗೆ ಗೊತ್ತಿತ್ತು. "ಹೋಗು, ಬೇಡ ಅಂದೋರ್ಯಾರು? ಶ್ರೇಯಾ ನಿನ್ನ ಹಿಂದೆ ಬರಲ್ಲ. ನಿನ್ನ ಭಾಷೇಲಿ ಒಂದು ಮಾತೂ ಆಡಲ್ಲ ಅವಳು" ಎಂದು ಎಷ್ಟು ಸಲ ಹೇಳಿದ್ದನೋ. ಒಂಬತ್ತು ವರ್ಷದ ಮಗಳು ಅಮ್ಮ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅವಳು ಬರದಿದ್ದರೆ ಹೋಗಿ ಏನು ಸುಖ? ಆ ಒಂದು ಭಯಕ್ಕೆ ನಳಿನಿ ಏಟು ನುಂಗಿಕೊಂಡು ಕೂತಿದ್ದಳು. ಕಡಲ ಹೆಣ್ಣಿನ ಹಾಗೆ ಎಣಿಸುತ್ತಲೂ ಇದ್ದಳು. ಅದೆಂಥ ಎಣಿಕೆಯೋ, ಶಿವನೇ ಬಲ್ಲ. ಸೌಟಿನಿಂದ ತುಟಿ ಒಡೆದಾಗ ಸಾರಿಗೆ ಉಪ್ಪು ಹೆಚ್ಚಾಗಿತ್ತು, ಹಾಗಾಗಿ ಅದು ಸೇರಲಿಲ್ಲ. ಗ್ಯಾರೇಜಿನಲ್ಲಿ ಕೂದಲು ಹಿಡಿದು ತಲೆಯನ್ನು ಕಾರಿಗೆ ಜಜ್ಜಿದ ದಿನ ಅವನಿಗೆ ಕೆಲಸದಲ್ಲಿ ಬೈಗುಳ ಬಿದ್ದಿತ್ತು, ಅದೂ ಸೇರಲಿಲ್ಲ. ಹುಡುಕುವವರಿಗೆ ಕಾರಣಕ್ಕೇನು ಬರ? ಹೀಗೆ ಕಳೆದೂ ಕಳೆದೂ ಅವಳ ಬಳಿ ಉಳಿದದ್ದು ಎರಡೇ ಏಟು.

ಮೂರನೆಯದು ಬಿದ್ದದ್ದು ಒಂದು ಭಾನುವಾರ ಮಧ್ಯಾಹ್ನ. ಸ್ಟಾಫರ್ಡ್‌ನಿಂದ ಪರಿಚಯದ ಚನ್ನಬಸಪ್ಪ ಅಂಕಲ್ ಊಟಕ್ಕೆ ಬಂದಿದ್ದರು. ಶ್ರೇಯಾ ಬೇಗ ತಿಂದು ಮಹಡಿ ಹತ್ತಿದ್ದಳು. ಅಂಕಲ್ ಕಡಲ ಹೆಣ್ಣಿನ ಕತೆಯನ್ನೆಲ್ಲ ಕೇಳಿ, "ಆಕಿನ್ನ ಯಾಕ ಹೊಡದಾನ್ರಿ ಅಂವ?" ಎಂದರು.

"ಅಯ್ಯೋ, ಅದೇನು ಏಟಾ ಅಂಕಲ್? ಸುಮ್ನೆ ತಟ್ಟಿದ್ದು" ಎಂದು ಅಮರ್ ನಕ್ಕ.

"ಹೇಳೋರಿಗೇನು, ಬಿದ್ದೋರಿಗೆ ಗೊತ್ತು" ಎಂದಳು ನಳಿನಿ, ಅನ್ನ ಬಡಿಸುತ್ತಾ.

ಶೆಲ್ಫಿನ ಮೇಲೆ ಆ ಹಳ್ಳಿಯಿಂದ ತಂದ ಪಿಂಗಾಣಿಯ ದೀಪಸ್ತಂಭವಿತ್ತು. ಅಮರ್ ಅದನ್ನು ಎತ್ತಿ ಅವಳ ದವಡೆಗೆ ಬೀಸಿದ. ಅದು ಚೂರಾಯಿತು, ನಳಿನಿ ಮೇಜಿನ ಮೇಲೆ ಕವುಚಿ ಬಿದ್ದಳು. ರಕ್ತದ ಜೊತೆ ಒಂದು ಹಲ್ಲು ಅನ್ನದ ಪಾತ್ರೆಯೊಳಗೆ ಹೋಯಿತು. ಅವನು ಮತ್ತೆ ಕೈಯೆತ್ತಿದ. ಎಪ್ಪತ್ತು ದಾಟಿದ ಅಂಕಲ್ ಎದ್ದು ನೀರಿನ ಸ್ಟೀಲ್ ಚೊಂಬಿನಿಂದ ಅವನ ಮಣಿಕಟ್ಟಿಗೆ ಬಾರಿಸಿದರು. ಮೂಳೆ ಲಟಕ್ಕೆಂದಿತು. ಅಮರ್ ಕೈ ಹಿಡಿದುಕೊಂಡು ನೆಲಕ್ಕೆ ಕುಸಿದ.

"ನಡೀವಾ ತಂಗಿ, ಗಾಡಿ ಹೊರಗೈತಿ. ನಮ್ಮ ಮನ್ಯಾಗ ನಿಮ್ಮ ಆಂಟಿ ಅದಾಳ" ಎಂದರು ಅಂಕಲ್.

ಈ ಏಟಿಗೆ ನಳಿನಿ ಕಾರಣ ಹುಡುಕಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲ ಬುಡಕ್ಕೆ ಹೋದಳು.

"ಶ್ರೇಯಾ, ಮೂರು ಏಟಾಯ್ತು ಕಣೆ. ನಾನು ಹೊರಟೆ. ಬರ್ತೀಯಾ?"

"ಅವಳು ಬರಲ್ಲ" ಎಂದ ಅಮರ್, ನೆಲದಿಂದಲೇ.

ಶ್ರೇಯಾ ಶೂ ಹಾಕಿಕೊಂಡೇ ಇಳಿದು ಬಂದಳು, ಬೆನ್ನಿಗೆ ಸ್ಕೂಲ್ ಬ್ಯಾಗಿತ್ತು. ಅಪ್ಪನಿಗೆ ತಾಗದಂತೆ ಸುತ್ತಿ ಬಂದು ಅಮ್ಮನ ಕೈ ಹಿಡಿದಳು.

"ಮೂರಲ್ಲ ಅಮ್ಮಾ" ಎಂದಳು, ತಡವರಿಸುವ ಕನ್ನಡದಲ್ಲಿ. "ಹದಿನಾಲ್ಕು. ನಾನು ಎಲ್ಲಾ ಎಣಿಸಿದೀನಿ."