ಮಾಹೂಝ್‌ನಲ್ಲಿ ಆದ ಬಾಣಂತನ

ಕಾವಲಿಗೆ ಎರಡನೇ ದೋಸೆ ಹೊಯ್ಯುವಾಗ ನನ್ನ ಗಂಡ ಕಜೆಟನ್ ಬಾಗಿಲು ತಳ್ಳಿಕೊಂಡು ಬಂದರು. ಕಂಕುಳಲ್ಲಿ ಮಡಚಿದ ರಟ್ಟಿನ ಪೆಟ್ಟಿಗೆಗಳು.

"ಎಂತ ಇದು?"

"ಕಾರ್ಗೋದವರು ಕೊಟ್ಟದ್ದು. ಇಸ್ಮಾಯಿಲ್ ಫೋನ್ ಮಾಡಿದ್ದ. ನಿನ್ನ ಅರ್ಜಿ ವಾಪಸ್ ಬಂತಂತೆ. ಹದಿನೈದು ವರ್ಷ ಆಗ್ಲಿಲ್ಲ ಅಂತೆ."

"ಆಗದೆ ಎಂತ? ಹದಿನೇಳು ವರ್ಷ ನಾನು ಜನರ ತೋಳಿಗೆ ಸೂಜಿ ಚುಚ್ಚಿದ್ದು ಕನಸಲ್ಲಾ?"

"ನನ್ನ ಹತ್ರ ಕೇಳಿದ್ರೆ? ಆಗ್ಲೇ ಹೇಳಿದ್ದೆ, ಇಂಥದ್ದೆಲ್ಲ ಗಂಡಸರ ಹೆಸರಿಗೇ ಆಗೂದು ಅಂತ."

"ಹಾಗಾದ್ರೆ ನಿಮ್ಮ ಹೆಸರಿಗೆ ಮಾಡಿಸಿ ನೋಡುವ." ದೋಸೆ ಮಗುಚಿದೆ. ಅವರು ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸಿದರು.

ಅದು ೨೦೧೪ರ ಅಕ್ಟೋಬರ್. ಬಹರೈನಿನ ಮೀನಾ ಸಲ್ಮಾನ್ ಬಂದರಿನಲ್ಲಿ ಕಜೆಟನ್ ಕೆಲಸ ಮಾಡುತ್ತಿದ್ದ ಗೋದಾಮು ವರ್ಷದ ಕೊನೆಗೆ ಮುಚ್ಚುವುದಿತ್ತು. ನಾನು ಕ್ಲಿನಿಕ್ಕಿನ ನರ್ಸ್ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದೆ. ಇನ್ನು ಅವರ ವೀಸಾಕ್ಕೆ ಸೇರಿಕೊಳ್ಳುವುದೆಂದು ನಮ್ಮ ಲೆಕ್ಕ. ಈಗ ಅವರಿಗೇ ವೀಸಾ ಇಲ್ಲದಂತಾಗುತ್ತಿತ್ತು. ಮಗಳು ಶರ್ಲಿ ಹತ್ತನೇ ಕ್ಲಾಸು, ಬೋರ್ಡ್ ಪರೀಕ್ಷೆ ಮಾರ್ಚಿನಲ್ಲಿ. ಡಿಸೆಂಬರಿನಲ್ಲಿ ಊರಿಗೆ ಹೊರಟರೆ ಅವಳ ವರ್ಷ ಹೋದಂತೆಯೇ.

ಉಳಿದದ್ದು ಒಂದೇ ದಾರಿ. ನಡುವೆ ಬಿಡದೆ ಹದಿನೈದು ವರ್ಷ ಇಲ್ಲಿ ದುಡಿದು ನಿವೃತ್ತರಾದವರಿಗೆ ಒಂದು ಪರವಾನಗಿ ಉಂಟು. ಅದು ಸಿಕ್ಕಿದರೆ ಕಂಪನಿ ಬೇಡ, ವೀಸಾಕ್ಕೆ ಹೊಣೆ ನಿಲ್ಲುವ ಕಫೀಲ್ ಬೇಡ. ನಮಗೆ ನಾವೇ ಕಫೀಲ್. ಮನೆಯವರನ್ನೂ ಅದರಡಿ ಇಟ್ಟುಕೊಳ್ಳಬಹುದು. ಕಜೆಟನ್ ಬಹರೈನಿಗೆ ಬಂದು ಹತ್ತು ವರ್ಷವಷ್ಟೇ. ನಾನು ಬಂದದ್ದು ೧೯೯೭ರಲ್ಲಿ, ಮದುವೆಯಾದ ಮರುವರ್ಷ, ಒಬ್ಬಳೇ. ಅವರು ಆಗ ಮುಂಬೈಯಲ್ಲಿದ್ದರು; ರಜೆ ಸಿಕ್ಕಿದಾಗ ನಾನೇ ಹೋಗಿ ಬರುತ್ತಿದ್ದೆ.

ಮರುದಿನ ಬಂಗುಡೆ ಶುಚಿಮಾಡಿ ಮಸಾಲೆ ಹಚ್ಚಿಟ್ಟು, ಶಾಲೆಯಿಂದ ಬಂದ ಶರ್ಲಿಯನ್ನೂ ಕರೆದುಕೊಂಡು ಇಸ್ಮಾಯಿಲನ ಟೈಪಿಂಗ್ ಅಂಗಡಿಗೆ ಹೋದೆ. ಉಳ್ಳಾಲದವನು. ನಮ್ಮ ಕಡೆಯವರ ಅರ್ಜಿಗಳೆಲ್ಲ ಅವನ ಕೈಯಿಂದಲೇ ಹೋಗುವುದು.

"ಸಿಸ್ಟರ್, ಸಿಟ್ಟು ಮಾಡ್ಬೇಡಿ. ಇದ್ದದ್ದನ್ನೇ ಬರ್ದದ್ದು ನಾನು." ಹಾಳೆಯನ್ನು ನನ್ನ ಕಡೆ ತಿರುಗಿಸಿದ.

ನನ್ನ ಕೆಲಸವನ್ನು ಅವನು ಎರಡು ತುಂಡು ಮಾಡಿದ್ದ. ೧೯೯೯ರಲ್ಲಿ ಬಿಟ್ಟು ಹೋದಂತೆ, ೨೦೦೦ದ ಕೊನೆಗೆ ಮತ್ತೆ ಬಂದಂತೆ.

"ನಾನು ಬಿಟ್ಟು ಹೋದೆ ಅಂತ ಯಾರು ಹೇಳಿದ್ದು ನಿಮಗೆ?"

"ಯಾರು ಹೇಳ್ಬೇಕು? ಮಗಳು ಹುಟ್ಟಿದ್ದು ತೊಂಬತ್ತೊಂಬತ್ತರಲ್ಲಿ. ಹೊಸ ಪಾಸ್‌ಪೋರ್ಟ್ ಆದದ್ದು ಎರಡು ಸಾವಿರದಲ್ಲಿ, ಅದಕ್ಕಿಂತ ಹಿಂದಿನ ಮುದ್ರೆ ಯಾವುದೂ ನನ್ನ ಹತ್ರ ಇಲ್ಲ. ಚೊಚ್ಚಲ ಹೆರಿಗೆ ಬೇರೆ. ನಮ್ಮೂರ ಹೆಂಗಸರು ಏಳು ತಿಂಗಳಿಗೆ ತವರಿಗೆ ಹೋದ್ರೆ ಮಗು ಕವುಚಿ ಬೀಳುವವರೆಗೆ ಬರ್ತಾರಾ? ಆರು ತಿಂಗಳು ದಾಟಿತಾ, ಇಲ್ಲಿ ವೀಸಾ ಖಲಾಸ್. ನನ್ನ ಹೆಂಡ್ತಿದೂ ಹಾಗೇ, ಅಕ್ಕಂದೂ ಹಾಗೇ. ಕೇಳುವ ಅಂತ ತಲೆಗೇ ಹೋಗ್ಲಿಲ್ಲ."

ನನಗೆ ನಗು ಬಂತು. "ನಾನು ತವರಿಗೆ ಹೋಗ್ಲೇ ಇಲ್ಲ, ಇಸ್ಮಾಯಿಲ್ ಭಾಯ್. ತವರೇ ಇಲ್ಲಿಗೆ ಬಂದದ್ದು."

ಆಗ ಕ್ಲಿನಿಕ್ಕಿನವರು ಒಂದೂವರೆ ತಿಂಗಳಿಗಿಂತ ಹೆಚ್ಚು ರಜೆ ಕೊಡಲಿಲ್ಲ. ಊರಿಗೆ ಹೋದರೆ ಕೆಲಸ ಹೋಗುತ್ತಿತ್ತು. ಬೆಳ್ಮಣ್ಣಿನಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಮಂಗಳೂರಿನಿಂದ ಆಚೆ ಹೋದವಳಲ್ಲ ಅವಳು. ಆದರೂ, "ನೀರು ಅಲ್ಲಿ ಕಾಯೂದಿಲ್ವಾ? ನಾನೇ ಬರ್ತೇನೆ" ಅಂದಳು. ತೆಂಗಿನೆಣ್ಣೆ, ಕಷಾಯದ ಬೇರುಗಳು, ಓಲೆಬೆಲ್ಲ, ಒಂದು ತಾಮ್ರದ ಚೆಂಬು ಹಿಡಿದುಕೊಂಡು ಬಂದೇಬಿಟ್ಟಳು.

ಮನಾಮದ ಮಾಹೂಝ್‌ನಲ್ಲಿದ್ದ ನನ್ನ ಫ್ಲಾಟಿನ ಗೀಸರ್ ನೀರಿಗೆ ಕೈ ಅದ್ದಿ ನೋಡಿ, "ಇದು ಪಾತ್ರೆ ತೊಳೀಲಿಕ್ಕೆ ಆದೀತು" ಅಂದಳು. ಅವಳಿಗೆ ಹಂಡೆ ಬೇಕು. ಮನಾಮದಲ್ಲಿ ಹಂಡೆ ಎಲ್ಲಿಂದ? ಕೆಳಗಿನ ಹೋಟೆಲಿನ ಮಸೂದ್ ಭಾಯ್, ಲಾಹೋರಿನವರು, ಬಿರಿಯಾನಿ ಮಾಡುವ ದೇಗ್ ಒಂದನ್ನು ತಾವೇ ಹೊತ್ತು ಮೂರನೇ ಮಹಡಿಗೆ ತಂದುಕೊಟ್ಟರು. ಅಮ್ಮನಿಗೆ ಉರ್ದು ಬಾರದು, ಅವರಿಗೆ ಕೊಂಕಣಿ ಬಾರದು. "ಅಮ್ಮಾ ಜೀ, ಔರ್ ಬಡಾ ಚಾಹಿಯೇ?" ಎಂದು ಇನ್ನೂ ದೊಡ್ಡದು ಬೇಕೇ ಎಂದು ಅವರು ಕೇಳಿದರೆ, ಅಮ್ಮ ಅರ್ಥವಾಗದೆಯೇ "ವ್ಹಯ್, ವ್ಹಯ್", ಹೌದು ಹೌದು, ಎನ್ನುತ್ತಿದ್ದಳು. ನಲವತ್ತು ದಿನ ಆ ದೇಗಿನಲ್ಲಿ ನೀರು ಕುದಿಯಿತು. ಆಮೇಲೆ ನಾನು ಡ್ಯೂಟಿಗೆ ಹೋದೆ, ಮಗು ಅಮ್ಮನ ಮಡಿಲಲ್ಲಿ ಉಳಿಯಿತು.

"ಸೀರಿಯಸ್ಲಿ, ಮಮ್ಮಿ? ನನ್ನನ್ನೂ ಬಿರಿಯಾನಿ ನೀರಲ್ಲೇ ಸ್ನಾನ ಮಾಡಿಸಿದ್ದಾ?" ಶರ್ಲಿ ಮೂಗು ಮುರಿದಳು.

"ಅದಕ್ಕೇ ಶುಕ್ರವಾರ ಬಿರಿಯಾನಿ ಇಲ್ಲದಿದ್ರೆ ನಿನ್ನ ಮುಖ ಊದೂದು," ಎಂದೆ.

ಇಸ್ಮಾಯಿಲ್ ಹಣೆ ಬಡಿದುಕೊಂಡು, ಎರಡು ತುಂಡನ್ನು ಒಂದು ಮಾಡಿ ಹೊಸದಾಗಿ ಟೈಪ್ ಮಾಡಿದ. ಕ್ಲಿನಿಕ್ಕಿನಿಂದ ಕೆಲಸದ ಪತ್ರ ತಂದು ಜೊತೆಗಿಟ್ಟೆವು.

ವೀಸಾ ಕಚೇರಿಯ ಕೌಂಟರಿನಲ್ಲಿದ್ದ ಅಧಿಕಾರಿ ಹೆಂಗಸು ಕಂಪ್ಯೂಟರನ್ನು ಬಹಳ ಹೊತ್ತು ನೋಡಿದರು. ಶರ್ಲಿ ನನ್ನ ಪಕ್ಕದಲ್ಲಿದ್ದಳು, ಕಜೆಟನ್ ಹಿಂದೆ ನಿಂತು ಜಪಸರ ಹಿಡಿದಿದ್ದರು. ನನಗೆ ಮಾತ್ರ ಹೆದರಿಕೆಯಾಗಲಿಲ್ಲ. ನಾನು ಎಲ್ಲಿದ್ದೆ ಎಂಬುದು ನನಗೆ ಗೊತ್ತಿತ್ತು.

"ಮೊದಲು ನಡುವೆ ಬಿಟ್ಟಿದ್ದೆ ಅಂತ ಬರೆದಿದ್ದೀರಿ. ಈಗ ಇಲ್ಲ ಅಂತೀರಿ," ಅವರು ಇಂಗ್ಲಿಷಿನಲ್ಲಿ ಕೇಳಿದರು. "ಹೆರಿಗೆಗೆ ಊರಿಗೆ ಹೋಗಲಿಲ್ಲವೇ?"

"ಇಲ್ಲ ಮೇಡಂ. ಬರೆದವರು ಊಹಿಸಿ ಬರೆದರು. ನನ್ನ ತಾಯಿ ಇಲ್ಲಿಗೆ ಬಂದಿದ್ದಳು, ಬಾಣಂತನಕ್ಕೆ. ಮಗಳು ಹುಟ್ಟಿದ್ದು ಇಲ್ಲೇ, ಮನಾಮದಲ್ಲಿ."

ಅವರು ಶರ್ಲಿಯನ್ನು ನೋಡಿದರು, ಮತ್ತೆ ಪರದೆಯನ್ನು. "ನನ್ನ ತಾಯಿಯೂ ನಲವತ್ತು ದಿನ ನನ್ನನ್ನು ಏಳಲು ಬಿಟ್ಟಿರಲಿಲ್ಲ," ಎಂದರು. "ನೀವು ಹೇಳಿದ್ದು ಸರಿ. ನಮ್ಮ ದಾಖಲೆಯಲ್ಲೂ ಆ ಎರಡು ವರ್ಷ ನೀವು ಹೊರಗೆ ಹೋದದ್ದು ಇಲ್ಲ."

ಪರವಾನಗಿ ಕೈಗೆ ಬಂದದ್ದು ನವೆಂಬರಿನಲ್ಲಿ. ನನ್ನ ಹೆಸರು ಮೇಲೆ. ಅದರಡಿ ಮಗಳು, ಗಂಡ.

ಅಮ್ಮನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ಆ ಪಾತ್ರೆ ಅವರಿಗೆ ವಾಪಸ್ ಕೊಟ್ಟಿದ್ದೀಯಲ್ಲ?" ಎಂದಳು.

"ಆವತ್ತೇ ಕೊಟ್ಟಾಗಿದೆ, ಅಮ್ಮ."

"ಹಾಗಾದ್ರೆ ಶರ್ಲಿಯ ಪರೀಕ್ಷೆಗೆ ನನಗೊಂದು ವೀಸಾ ಕಳ್ಸು. ಈಗ ನೀನೇ ದೊಡ್ಡ ಜನ."

ಫೋನಿಟ್ಟು ಹಿಟ್ಟು ನಾದಲು ಕೂತೆ. ಹಜಾರದಿಂದ ಕಜೆಟನ್ ಸ್ವರ ಬಂತು: "ಕಫೀಲ್‌ನವರೇ, ಒಂದು ಗ್ಲಾಸ್ ಚಾ ಸಿಗ್ಬಹುದಾ?"

"ಸಿಗ್ತದೆ. ಮೊದ್ಲು ಆ ಪೆಟ್ಟಿಗೆ ಬಿಚ್ಚಿ ಅಮ್ಮನ ಚೆಂಬು ಇಲ್ಲಿ ತನ್ನಿ. ಊರಿಗೆ ಹೊರಡೂದು ಅಂತ ಎಲ್ಲದಕ್ಕಿಂತ ಮೊದ್ಲು ಅದನ್ನೇ ಕಟ್ಟಿಟ್ಟಿದ್ದೀರಿ ನೀವು."

ಹಜಾರದಲ್ಲಿ ರಟ್ಟು ಹರಿಯುವ ಸದ್ದು ಕೇಳಿಸಿತು. ನಾನು ಒಲೆಗೆ ಚಾ ಇಟ್ಟೆ.